ಎರಡು ನೀರಿಗೆ ಒಂದೇ ಅಂಗಿ

ಶಿರಸಿಯ ನಿವೃತ್ತ ಅಂಚೆ ನೌಕರರೊಬ್ಬರ ಮನೆಗೆ ಒಂದು ರಾತ್ರಿ ಸ್ಕಾಟ್ಲೆಂಡಿನಿಂದ ಮಗಳ ಫೋನ್ ಬಂತು. ಆಕೆ ಅಲ್ಲಿನ ಪಶ್ಚಿಮ ಕರಾವಳಿಯ ಓಬನ್ ಎಂಬ ಊರಿನಲ್ಲಿ ಸಾಗರ ವಿಜ್ಞಾನ ಓದುತ್ತಿದ್ದಳು. ಊಟವಾಯಿತೇ, ಚಳಿ ಹೇಗಿದೆ ಎಂಬ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು.

"ಅಪ್ಪಾ, ಒಂದು ಅಂಗಿ ತಗೊಳ್ಳಬೇಕಿತ್ತು. ಸಾವಿರ ಪೌಂಡ್ ಹತ್ತಿರ ಆಗ್ತದೆ."

ಅಪ್ಪ ಮನಸ್ಸಿನಲ್ಲೇ ಗುಣಿಸಿ ನೋಡಿದರು. ಲಕ್ಷ ರೂಪಾಯಿ ದಾಟಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಂಗಿಗೆ ಚಿನ್ನದ ಗುಂಡಿ ಇದ್ಯಾ ಕೇಳಿ" ಎಂದರು.

ಮಗಳು ಕೇಳಿದ್ದು ಸ್ಕೂಬಾ ಡೈವಿಂಗಿನ ಡ್ರೈಸೂಟ್. ಈಜುಗಾರನ ಮೈಗೆ ನೀರು ಸೋಕದಂತೆ ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಉಡುಪು. ಆಕೆ ಮೊದಲು ಡೈವಿಂಗ್ ಕಲಿತದ್ದು ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬಳಿ. ಅಲ್ಲಿನ ನೀರು ಸುಮಾರು 28 ಡಿಗ್ರಿ. ಮೂರು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಧಾರಾಳ ಸಾಕಿತ್ತು. ಓಬನ್ನಿನ ಕಡಲು ಮಾರ್ಚ್ ಹೊತ್ತಿಗೆ 7 ಡಿಗ್ರಿಗೆ ಇಳಿಯುತ್ತದೆ. ಅದೂ ಸಾಲದೆಂಬಂತೆ ಜೂನ್‌ನಲ್ಲಿ ಅಧ್ಯಯನಕ್ಕಾಗಿ ಮಾಲ್ಟಾ ದ್ವೀಪಕ್ಕೆ ಹೋಗಬೇಕಿತ್ತು. ಅಲ್ಲಿ ಆಗ 20 ಡಿಗ್ರಿಗೂ ಹೆಚ್ಚು. ಎರಡು ಸೂಟು ಕೊಳ್ಳುವ ಶಕ್ತಿ ಮನೆಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಒಂದೇ ಅಂಗಿ ಎರಡೂ ನೀರಿಗೆ ಆಗ್ತದಾ ಮಗಾ?" ಅಪ್ಪ ಕೇಳಿದರು. ಸರಿಯಾದ ಪ್ರಶ್ನೆಯೇ. ಆದರೆ ಮಗಳ ಬಳಿ ಆ ರಾತ್ರಿ ಉತ್ತರವಿರಲಿಲ್ಲ.

ಅವಳ ಕಣ್ಣು ಬಿದ್ದದ್ದು ಯಾರೋ ಮಾರಲಿಟ್ಟಿದ್ದ ಹಳೆಯ ಸೂಟೊಂದರ ಮೇಲೆ. ಏಳು ಮಿಲಿಮೀಟರ್ ದಪ್ಪದ ನಿಯೋಪ್ರೀನ್ ರಬ್ಬರಿನದು, ಅರ್ಧ ಬೆಲೆಗೆ ಸಿಗುತ್ತಿತ್ತು. ದಪ್ಪ ಇದ್ದಷ್ಟೂ ಬೆಚ್ಚಗೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕೊಳ್ಳುವ ಮುನ್ನ ಹೈಸ್ಕೂಲಿನ ಪಾಠವೊಂದು ನೆನಪಾಯಿತು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ: ಉಷ್ಣತೆ ಬದಲಾಗದಿದ್ದರೆ, ಒತ್ತಡ ಹೆಚ್ಚಿದಷ್ಟೂ ಅನಿಲದ ಗಾತ್ರ ಕುಗ್ಗುತ್ತದೆ. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ಣ ಅಂಕ ಪಡೆದಿದ್ದಳು. ಈಗ ಅದು ಚೀಲದ ದುಡ್ಡಿನ ಪ್ರಶ್ನೆಯಾಗಿ ಎದುರು ನಿಂತಿತ್ತು.

ನಿಯೋಪ್ರೀನ್ ಬೆಚ್ಚಗಿರುವುದು ರಬ್ಬರಿನ ಗುಣದಿಂದಲ್ಲ, ಅದರೊಳಗೆ ಸೆರೆಯಾದ ಲಕ್ಷಾಂತರ ಅನಿಲದ ಗುಳ್ಳೆಗಳಿಂದ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ, ಬಟ್ಟೆ ತೆಳುವಾಗುತ್ತದೆ. ಅಂದರೆ ಆಳಕ್ಕೆ ಹೋದಂತೆ, ಬೆಚ್ಚಗಿರಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಮಾಲ್ಟಾದ ದೋಣಿಯ ಮೇಲಿನ ಬಿಸಿಲಿನಲ್ಲಾದರೋ ಅದೇ ದಪ್ಪ ಬಟ್ಟೆ ಬೇಯಿಸಿಬಿಡುತ್ತದೆ. ತೂಕವೂ ಹೆಚ್ಚು, ಒಣಗುವುದೂ ತಡ. ಸೂಟು ಹರಿದು ನೀರು ನುಗ್ಗಿದರೂ ಸ್ವಲ್ಪ ಬೆಚ್ಚಗಿಡುವುದು ಅದರ ಒಳ್ಳೆಯ ಗುಣವೆನ್ನಿ.

ಇನ್ನೊಂದು ಬಗೆಯದು ಮೂರು ಪದರದ ತೆಳು ಸೂಟು. ಹೊರಗೂ ಒಳಗೂ ನೈಲಾನ್ ಅಥವಾ ಪಾಲಿಯೆಸ್ಟರ್, ನಡುವೆ ಬ್ಯೂಟೈಲ್ ರಬ್ಬರ್. ಆಳಕ್ಕೆ ಹೋದರೂ ಬಟ್ಟೆಯ ದಪ್ಪ ಬದಲಾಗದು. ಆದರೆ ತನ್ನಷ್ಟಕ್ಕೆ ಅದು ಬೆಚ್ಚಗಿಡುವುದೇ ಇಲ್ಲ!

ಇದನ್ನು ಕೇಳಿ ಅಪ್ಪನಿಗೆ ಗಾಬರಿಯಾಯಿತು. "ಬೆಚ್ಚಗಿಲ್ಲದ ಅಂಗಿಗೆ ಲಕ್ಷ ಕೊಡ್ತಾರಾ?"

"ಅಪ್ಪಾ, ಮಳೆಗಾಲದಲ್ಲಿ ಟಪಾಲು ಹಂಚಲಿಕ್ಕೆ ಹೋಗುವಾಗ ನೀವು ರೇನ್‌ಕೋಟಿನ ಒಳಗೆ ಎಂತ ಹಾಕ್ತಿದ್ರಿ?"

"ಸ್ವೆಟರು."

"ಬೆಚ್ಚಗಿದ್ದದ್ದು ಯಾವುದು?"

ಅಪ್ಪ ನಕ್ಕುಬಿಟ್ಟರು. ಮೂವತ್ತು ವರ್ಷ ಘಟ್ಟದ ಮಳೆಯಲ್ಲಿ ಸೈಕಲ್ ತುಳಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಕೋಟಿನ ಕೆಲಸ ನೀರು ತಡೆಯುವುದು, ಬೆಚ್ಚಗಿಡುವುದು ಸ್ವೆಟರಿನ ಕೆಲಸ. ಸ್ವೆಟರಿನ ಎಳೆಗಳ ನಡುವೆ ನಿಂತ ಗಾಳಿಯೇ ನಿಜವಾದ ಹೊದಿಕೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಮೈಯ ಸುತ್ತ ನೀರಿನ ಬದಲು ಗಾಳಿ ಇರಬೇಕು. ಓಬನ್ನಿಗೆ ದಪ್ಪ ಒಳ ಉಡುಪು, ಮಾಲ್ಟಾಕ್ಕೆ ತೆಳುವಾದದ್ದು, ಮೇಲಿನ ಸೂಟು ಮಾತ್ರ ಒಂದೇ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಅಮ್ಮ ಉತ್ಸಾಹದಿಂದ ಆರು ಹತ್ತಿ ಬನಿಯನ್ನು, ಎರಡು ಜೊತೆ ಉಣ್ಣೆಯ ಕಾಲುಚೀಲ ಕಟ್ಟಿ ಕಳುಹಿಸಿದರು. ಕಾಲುಚೀಲ ಕೆಲಸಕ್ಕೆ ಬಂದವು. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಆಳದಲ್ಲಿ ಅದೇ ಒದ್ದೆ ಚಳಿ ಹುಟ್ಟಿಸುತ್ತದೆ. ಆದ್ದರಿಂದ ಬನಿಯನ್ನುಗಳು ಪೆಟ್ಟಿಗೆಯಲ್ಲೇ ಉಳಿದವು. ಇದನ್ನು ಮಾತ್ರ ಅಮ್ಮನಿಗೆ ಯಾರೂ ಹೇಳಿಲ್ಲ.

ಹೇಳದೆ ಉಳಿದದ್ದು ಇನ್ನೂ ಒಂದಿತ್ತು. ಸೂಟು ಕೊಳ್ಳುವ ಮೊದಲು ಆಕೆ ಬಾಡಿಗೆಯದನ್ನು ತೊಟ್ಟು ತರಬೇತಿಗೆ ಇಳಿದಿದ್ದಳು. ಆಳದಲ್ಲಿ ಸೂಟು ಮೈಗೆ ಒತ್ತಿ ಹಿಂಡದಂತೆ ಎದೆಯ ಮೇಲಿನ ವಾಲ್ವಿನಿಂದ ಗಾಳಿ ತುಂಬಬೇಕು. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ, ಅದನ್ನು ಎಡತೋಳಿನ ವಾಲ್ವಿನಿಂದ ಬಿಡಬೇಕು. ಅವಳು ಗಾಳಿ ಹೆಚ್ಚು ತುಂಬಿದಳು, ತಲೆ ಕೆಳಗಾಯಿತು, ಗಾಳಿಯೆಲ್ಲ ಪಾದದತ್ತ ಓಡಿತು. ಗಾಳಿ ಬಿಡುವ ವಾಲ್ವು ಈಗ ಕೆಳಗೆ, ಗಾಳಿ ಮೇಲೆ! ಬಲೂನಿನಂತೆ ಕಾಲು ಮೇಲಾಗಿ ಏರತೊಡಗಿದಳು. ಹಾಗೆ ರಭಸದಿಂದ ಏರಿದರೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಬಹುದು. ಪಕ್ಕದಲ್ಲಿದ್ದ ಶಿಕ್ಷಕಿ ಹಿಡಿದು ನೇರ ಮಾಡಿದರು. ಅದರಿಂದ ಬಚಾವಾಯಿತು.

ಆ ದಿನ ಅವಳು ಕೈಯಲ್ಲಿದ್ದ ದುಡ್ಡನ್ನು ಮತ್ತೆ ಲೆಕ್ಕ ಹಾಕಿದಳು. ಮೊದಲ ಪಾಲು ಡ್ರೈಸೂಟ್ ತರಬೇತಿಗೆ ಹೋಯಿತು. ಮೊಣಕಾಲು ಮಡಿಸಿ ಲಾಗ ಹೊಡೆದು ತಲೆ ಮೇಲೆ ತಂದು ಗಾಳಿ ಬಿಡುವುದನ್ನು, ಯೋಚಿಸದೆ ಮಾಡುವಷ್ಟು ಅಭ್ಯಾಸ ಮಾಡಿದಳು. ಎರಡನೆಯ ಪಾಲು ಒಳ ಉಡುಪುಗಳಿಗೆ. ಸೂಟಿನ ಸರದಿ ಕೊನೆಗೆ ಬಂತು. ಅದನ್ನೂ ಅಂಗಡಿಯಲ್ಲಿ ದಪ್ಪ ಒಳ ಉಡುಪಿನ ಮೇಲೆಯೇ ತೊಟ್ಟು, ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ತಲೆಯ ಮೇಲೆ ಎತ್ತಿ, ಬಲಗೈ ಎಡತೋಳಿನ ವಾಲ್ವಿಗೆ ಎಟುಕುತ್ತದೆಯೇ ನೋಡಿ ಆರಿಸಿದಳು. ಸಣ್ಣ ಮಣಿಕಟ್ಟಿಗೆ ನೀರು ನುಸುಳದಂತೆ ಮೆದುವಾದ ಲೇಟೆಕ್ಸ್ ಪಟ್ಟಿಯದನ್ನೇ ಹಿಡಿದಳು. ಅದು ಬಿಸಿಲಿಗೂ ಎಣ್ಣೆಗೂ ಬೇಗ ಕೆಡುತ್ತದೆ, ಜೋಪಾನ ಬೇಕು.

ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದ ಮಗಳನ್ನು ಅಪ್ಪ ಮುರ್ಡೇಶ್ವರದ ದೋಣಿಯವರೆಗೆ ಬಿಡಲು ಹೋದರು. ಅವಳ ಚೀಲದಲ್ಲಿ ಹಳೆಯ ವೆಟ್‌ಸೂಟ್ ಮಾತ್ರ ಇತ್ತು.

"ಲಕ್ಷದ ಅಂಗಿ ತರಲಿಲ್ವಾ?"

"ಇಲ್ಲಿಗೆ ಅದು ಬೇಡ ಅಪ್ಪಾ. ಈ ನೀರಿಗೆ ಇದೇ ಸಾಕು."

ಒಂದೇ ಅಂಗಿ ಎರಡು ನೀರಿಗೆ ಆದೀತು. ಎಲ್ಲ ನೀರಿಗೂ ಬೇಕಿಲ್ಲ. ಆ ವ್ಯತ್ಯಾಸ ಅವಳಿಗೆ ತಿಳಿದಿತ್ತು. ದಡದಲ್ಲಿ ನಿಂತ ಅಪ್ಪನಿಗೆ ದೋಣಿ ಮರೆಯಾಗುವವರೆಗೂ ಭಯ ಇದ್ದೇ ಇತ್ತು. ಆದರೆ ಕೊಟ್ಟ ದುಡ್ಡಿನ ಬಗ್ಗೆ ಮಾತ್ರ ಚಿಂತೆ ಉಳಿದಿರಲಿಲ್ಲ.