ಸೋರುವ ಕಿವಿ

ನಮ್ಮ ಕಿರಿಯ ಮಗನ ಬಲಗಿವಿಯು ಸೋರಲಾರಂಭಿಸಿದುದು 1993ರ ಮಳೆಗಾಲದಲ್ಲಿ. ಆಗ ಅವನಿಗೆ ನಾಲ್ಕು ವರ್ಷ. ಎರಡು ದಿನ ನೆಗಡಿ. ಮೂರನೆಯ ರಾತ್ರಿ ಕಿವಿ ಹಿಡಿದುಕೊಂಡು ಅತ್ತದ್ದೇ ಅತ್ತದ್ದು. ಬೆಳಗಾಗುವಷ್ಟರಲ್ಲಿ ನೋವು ತಾನಾಗಿಯೇ ಇಳಿದು, ದಿಂಬಿನ ಮೇಲೆ ಹಳದಿ ಕಲೆಯೊಂದು ಕಾಣಿಸಿತು. ಅಳು ನಿಂತಿತಲ್ಲ ಎಂದು ಮನೆಯವರೆಲ್ಲ ನೆಮ್ಮದಿ ಪಟ್ಟೆವು. ಒಳಗೆ ತುಂಬಿದ ಕೀವು ಕಿವಿಯ ತಮಟೆಯನ್ನು ಹರಿದುಕೊಂಡು ಹೊರಬಂದುದರಿಂದಲೇ ನೋವು ನಿಂತಿತೆಂಬುದು ನಮಗೆ ತಿಳಿಯಲು ಮುಂದೆ ಐದು ವರ್ಷ ಬೇಕಾಯಿತು.

"ಕೂಸಿನ ಕಿವಿ ಸೋರೂದು ಹೊಸಾದೇನಪ್ಪಾ? ಒಳಗಿನ ಕೆಟ್ಟದ್ದು ಹೊರಗ ಹೋಗತದ. ದೊಡ್ಡಾಂವ ಆದಮ್ಯಾಲೆ ತಾನ ನಿಲ್ಲತದ" ಎಂದು ನಮ್ಮ ಅವ್ವ ಹೇಳಿದಳು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ ಎರಡು ಹನಿ ಬಿಟ್ಟಳು. ಅವಳ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅವಳಿಗೂ ಅವಳ ಅತ್ತೆ ಹಾಗೆಯೇ ಕಲಿಸಿದ್ದರು. ಸೋರುವುದು ಕೆಲವು ದಿನ ನಿಲ್ಲುವುದು, ನೆಗಡಿಯಾದೊಡನೆ ಮತ್ತೆ ತೊಡಗುವುದು. ಹೀಗೆಯೇ ನಡೆಯಿತು. ಓದು ಬಲ್ಲ ನಾವಾದರೂ ವೈದ್ಯರಲ್ಲಿಗೆ ಹೋಗಬೇಕಿತ್ತು, ಹೋಗಲಿಲ್ಲ.

ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರಿಂದ ದೂರು ಬಂದಿತು: ಹುಡುಗನಿಗೆ ಲಕ್ಷ್ಯವಿಲ್ಲ, ಕರೆದರೆ ಓಗೊಡುವುದಿಲ್ಲ. ನಾವೂ ಗದರಿದೆವು. ಒಮ್ಮೆ ಕೈ ಎತ್ತಿದ್ದೂ ಉಂಟು. ಸತ್ಯವನ್ನು ಮೊದಲು ಕಂಡವಳು ಅವನ ತಾಯಿ. ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದ ದಿನ ಎಷ್ಟು ಕೂಗಿದರೂ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ಮಗ್ಗುಲು ಬದಲಿಸಿ ಮಲಗಿದ ದಿನ ಒಂದೇ ಕರೆಗೆ ಏಳುತ್ತಿದ್ದ. "ಇವಗ ಈ ಕಿವಿ ಕೇಳಸೂದಿಲ್ರಿ" ಎಂದು ಅವಳು ಅಂದಾಗ, ಎತ್ತಿದ ಆ ಕೈಯನ್ನು ಎಲ್ಲಿಡಬೇಕೆಂದು ನಮಗೆ ತೋಚಲಿಲ್ಲ.

1998ರಲ್ಲಿ ಕಿವಿಯ ವೈದ್ಯರ ಮುಂದೆ ಕುಳಿತೆವು. ಅವರು ಬೆಳಕು ಬಿಟ್ಟು ನೋಡಿದರು. ಬಳಿಕ ಲೋಹದ ಕವೆಯೊಂದನ್ನು ಮಿಡಿದು ಹುಡುಗನ ಹಣೆಯ ನಡುವೆ ಇಟ್ಟು, ನಾದ ಯಾವ ಕಡೆಗೆ ಹೆಚ್ಚು ಕೇಳುತ್ತದೆಂದು ಕೇಳಿದರು. ಅವನು ಸೋರುವ ಕಿವಿಯನ್ನೇ ತೋರಿಸಿದ. ತಪ್ಪು ಹೇಳಿದನೆಂದು ನಾವು ಬೆದರಿದೆವು. ವೈದ್ಯರೋ ನಸುನಕ್ಕರು. ಒಳಗಿವಿಯೂ ನರವೂ ಚೆನ್ನಾಗಿದ್ದು, ಶಬ್ದ ಸಾಗುವ ದಾರಿ ಮಾತ್ರ ಕೆಟ್ಟಿದ್ದರೆ ಹೀಗೆಯೇ ಕೇಳುವುದಂತೆ. ಆ ಐದು ವರ್ಷಗಳಲ್ಲಿ ನಮಗೆ ದೊರೆತ ಮೊದಲ ಶುಭವಾರ್ತೆ ಅದು.

ಅವರು ತಿಳಿಸಿದುದನ್ನು ತಾಯಂದಿರ ಉಪಯೋಗಕ್ಕಾಗಿ ಬರೆಯುತ್ತೇವೆ. ತಮಟೆಯ ಹಿಂದಿರುವ ಪುಟ್ಟ ಕೋಣೆಯೇ ನಡುಗಿವಿ. ಅಲ್ಲಿಂದ ಮೂಗಿನ ಹಿಂಭಾಗದ ಗಂಟಲಿಗೆ ಒಂದು ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡ, ಇಳಿಜಾರೂ ಕಡಿಮೆ. ಆದ್ದರಿಂದ ನೆಗಡಿಯ ಸೋಂಕು ಸುಲಭವಾಗಿ ಮೇಲೇರುತ್ತದೆ. ಕೂಸನ್ನು ಅಂಗಾತ ಮಲಗಿಸಿ ಬಾಟಲಿ ಹಾಲು ಕುಡಿಸುವುದೂ, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆಯೂ ಇದಕ್ಕೆ ನೆರವಾಗುತ್ತವೆ. ಹೊಸದಾಗಿ ಹರಿದ ತಮಟೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಸೋರುತ್ತಲೇ ಇದ್ದರೆ ರಂಧ್ರ ಉಳಿದುಬಿಡುತ್ತದೆ.

ಔಷಧಕ್ಕಿಂತ ಮುಖ್ಯವಾದುದು ಕಿವಿಯನ್ನು ಒಣಗಿಸುವುದು. ಒಗೆದು ಒಣಗಿಸಿದ ಮೆತ್ತನೆಯ ಅರಿವೆಯ ತುಣುಕನ್ನು ದೀಪದ ಬತ್ತಿಯಂತೆ ಹೊಸೆದು, ತಡೆಯುವವರೆಗೆ ಮಾತ್ರ ಮೆಲ್ಲನೆ ಇಟ್ಟು, ಒಂದು ನಿಮಿಷ ಬಿಟ್ಟು ತೆಗೆಯಬೇಕು. ಬತ್ತಿ ಒಣಗಿಯೇ ಬರುವವರೆಗೆ ಹೊಸ ಹೊಸ ಬತ್ತಿ ಇಡಬೇಕು. ದಿನಕ್ಕೆ ಮೂರು ಬಾರಿಯಾದರೂ ಹೀಗೆ ಮಾಡಿದ ಮೇಲೆಯೇ ವೈದ್ಯರು ಬರೆದುಕೊಟ್ಟ ಹನಿ. ಕೀವು ತುಂಬಿದ ಕಿವಿಗೆ ಹನಿ ಬಿಟ್ಟರೆ ಅದು ಒಳಗೆ ತಲುಪುವುದೇ ಇಲ್ಲ. ನೆರೆಮನೆಯವರ ಹಳೆಯ ಸೀಸೆ ಬೇಡ. ತಮಟೆಯಲ್ಲಿ ರಂಧ್ರವಿರುವಾಗ ಕೆಲವು ಹನಿಗಳು ಒಳಗಿವಿಗೇ ಹಾನಿ ಮಾಡಬಲ್ಲವು. ಎಣ್ಣೆ, ಎಲೆಯ ರಸ, ಕಡ್ಡಿ, ಕೂದಲ ಪಿನ್ನು ಇವಾವುವೂ ಸಲ್ಲವು. ನಮ್ಮ ಮಗನಿಗೆ ಎಲ್ಲಕ್ಕಿಂತ ಕಠಿಣವಾದುದು ಬಾವಿಯ ಈಜನ್ನು ಬಿಟ್ಟದ್ದು. ಸ್ನಾನಕ್ಕೆ ಮಾತ್ರ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಆಮೇಲೆ ತೆಗೆಯುತ್ತಿದ್ದೆವು.

ಸೋರುವ ಕಿವಿಗಳೆಲ್ಲ ಒಂದೇ ಬಗೆಯವಲ್ಲ. ತುರಿಕೆಯೊಂದಿಗೆ ಬಿಳಿ ಅಥವಾ ಕರಿ ಬೂಷ್ಟಿನಂತೆ ಬಂದರೆ ಅದು ಹೊರಗಿವಿಯ ಶಿಲೀಂಧ್ರ. ಸ್ವಲ್ಪವೇ ಸೋರಿದರೂ ದುರ್ನಾತ ಬೀರುವ ಕಿವಿಗೆ ನಿಜವಾಗಿ ಅಂಜಬೇಕು; ಕೊಲೆಸ್ಟಿಯಟೋಮಾ ಎಂಬ ಚರ್ಮದ ಶೇಖರಣೆ ಎಲುಬನ್ನೇ ತಿನ್ನುತ್ತ ಮಿದುಳಿನವರೆಗೂ ಸಾಗಬಲ್ಲದು. ಅದಕ್ಕೆ ಶಸ್ತ್ರಕ್ರಿಯೆಯೇ ಮದ್ದು. ಕಿವಿ ಸೋರುವವರಲ್ಲಿ ಕಿವಿಯ ಹಿಂದೆ ಬಾವು, ವಿಪರೀತ ತಲೆನೋವು, ವಾಂತಿ, ತಲೆಸುತ್ತು, ಕುತ್ತಿಗೆ ಬಿಗಿತ, ಬಾಯಿ ಸೊಟ್ಟಗಾಗುವುದು ಕಂಡರೆ ಬೆಳಗಿನವರೆಗೆ ಕಾಯಬಾರದು. ತಲೆಗೆ ಪೆಟ್ಟಾದ ಬಳಿಕ ರಕ್ತ ಅಥವಾ ತಿಳಿನೀರು ಒಸರಿದರೆ ಹನಿಯನ್ನಾಗಲಿ ಹತ್ತಿಯನ್ನಾಗಲಿ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅದು ಮಿದುಳನ್ನು ಸುತ್ತಿದ ದ್ರವವಾಗಿರಬಹುದು.

ನಮ್ಮ ಮಗನ ಕಿವಿ ಒಣಗಿ ನಿಲ್ಲಲು ತಿಂಗಳುಗಳೇ ಹಿಡಿದವು. 2000ದಲ್ಲಿ ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಹೊದಿಕೆಯನ್ನು ತೆಗೆದು ತಮಟೆಗೆ ತೇಪೆ ಹಾಕಿದರು. ಶ್ರವಣವು ಬಹಳಷ್ಟು ಮರಳಿತು, ಪೂರ್ತಿಯಾಗಿ ಅಲ್ಲ. ಅವ್ವ ಅವನ ತಲೆ ನೇವರಿಸುತ್ತ, "ನಾ ಎಣ್ಣಿ ಬಿಡಬಾರದಾಗಿತ್ತೇನೋ" ಎಂದು ಅತ್ತಳು. ಅವಳನ್ನು ಹೇಗೆ ಅನ್ನೋಣ? ಅವಳು ಎರಡು ಹನಿಯನ್ನಾದರೂ ಬಿಟ್ಟಿದ್ದಳು.

ಈಗ ಅವನಿಗೂ ಮಕ್ಕಳಿದ್ದಾರೆ. ಮೊಮ್ಮಗಳಿಗೆ ನೆಗಡಿಯಾಗಿ ಕಿವಿ ಮುಟ್ಟಿಕೊಂಡರೆ ಆ ದಿನವೇ ವೈದ್ಯರಲ್ಲಿಗೆ ನಡೆಯುತ್ತಾನೆ. ಹಳೆಯ ರೂಢಿಯೊಂದು ಮಾತ್ರ ಉಳಿದಿದೆ: ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಇಂದಿಗೂ ನಮ್ಮ ಬಲಕ್ಕೇ ಕುಳಿತು, ಎಡಗಿವಿಯನ್ನು ನಮ್ಮತ್ತ ಇಟ್ಟುಕೊಳ್ಳುತ್ತಾನೆ.