ಕಪ್ಪಾದ ಸೀಸೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆ ಪುಟ್ಟ ಗಾಜಿನ ಸೀಸೆ ನೆನಪಿರಬಹುದು. 1998ರ ಮಳೆಗಾಲವದು. ಹೇಮಾವತಿ ಹುಟ್ಟುವ ಜಾವಳಿಯಲ್ಲಿ ನೀರನ್ನು ಪರೀಕ್ಷಿಸುವುದೆಂದರೆ ಹಿರಿಯರಿಗೆ ನಗು. ನಮ್ಮ ಬಾವಿಯ ನೀರಂತೂ ತಿಳಿ, ವಾಸನೆಯಿಲ್ಲ. ಪಕ್ಕದ ಕಾಫಿ ತೋಟದ ಲೈನಿನವರೂ ಅದನ್ನೇ ಒಯ್ಯುತ್ತಿದ್ದರು. ಅಲ್ಲಿನ ಮಕ್ಕಳಿಗೆ ಭೇದಿ ಹಿಡಿದಾಗ, ನೀರನ್ನು ಮೂಸಿ ನೋಡಿ, "ನೀರಿನಲ್ಲಿ ದೋಷವಿಲ್ಲ, ಬೇರೇನೋ ತಿಂದಿರಬೇಕು" ಎಂದವನು ನಾನೇ. ವಿಜ್ಞಾನದ ಮೇಷ್ಟರು ಹೇಳಿದ ಮೇಲೆ ಕೇಳುವವರು ಯಾರು?

ಮಂಜಾ, ಮೌರ್ಯ ಮತ್ತು ರಾವ್ ಎಂಬ ನಮ್ಮ ದೇಶದ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನವೊಂದಿದೆ. ಸೀಸೆಯೊಳಗಿನ ಕಾಗದದ ಪಟ್ಟಿಯಲ್ಲಿ ಪೆಪ್ಟೋನ್, ಥಯೋಸಲ್ಫೇಟ್ ಹಾಗೂ ಕಬ್ಬಿಣದ ಲವಣವಿರುತ್ತದೆ. ಕರುಳಿನಿಂದ ಬಂದ ಸಾಲ್ಮೊನೆಲ್ಲಾ, ಸಿಟ್ರೊಬ್ಯಾಕ್ಟರ್ ಮುಂತಾದವು ನೀರಿನಲ್ಲಿದ್ದರೆ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ನಾತದ ಆ ಅನಿಲವೇ. ಅದು ಕಬ್ಬಿಣದೊಡನೆ ಸೇರಿ ನೀರನ್ನು ಕಪ್ಪಾಗಿಸುತ್ತದೆ. ವಿಚಿತ್ರವೆಂದರೆ, ಎಲ್ಲರೂ ಹೆಸರು ಕೇಳಿರುವ ಇ. ಕೊಲೈ ಸಾಮಾನ್ಯವಾಗಿ ಈ ಅನಿಲವನ್ನು ಬಿಡುವುದಿಲ್ಲ. ಅದರ ಜೊತೆಗಾರರು ಅದರ ಪರವಾಗಿ ಸಾಕ್ಷಿ ನುಡಿಯುತ್ತಾರೆ! ಮಲದಿಂದ ಬಾರದ ಕೆಲವು ಬ್ಯಾಕ್ಟೀರಿಯಾಗಳೂ ಹೀಗೆಯೇ ಕಪ್ಪಾಗಿಸಬಲ್ಲವಾದ್ದರಿಂದ ಇದು ಕೊನೆಯ ತೀರ್ಪಲ್ಲ, ಎಚ್ಚರಿಕೆ ಮಾತ್ರ.

ಪರೀಕ್ಷೆಗೆ ಮೂವತ್ತು ಡಿಗ್ರಿಗೂ ಮೇಲ್ಪಟ್ಟ ಬೆಚ್ಚನೆ ಬೇಕು. ನಮ್ಮ ಜುಲೈ ತಿಂಗಳಲ್ಲಿ ಅದೆಲ್ಲಿ? ಎರಡು ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಲೊಲೆಯ ಪಕ್ಕದಲ್ಲಿಟ್ಟೆ. ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಅದನ್ನೇ ಕುದಿಸಿ ಆರಿಸಿದ್ದು. ಬೆಳಿಗ್ಗೆ ಮೊದಲನೆಯದು ಇದ್ದಿಲಿನಂತೆ ಕಪ್ಪಾಗಿತ್ತು. ಎರಡನೆಯದು ಹಾಗೆಯೇ ಇತ್ತು. ಮರುದಿನ ಪುನಃ ಮಾಡಿದೆ. ಮತ್ತೆ ಕಪ್ಪು.

ಸೀಸೆಗಳನ್ನು ಹಿಡಿದು ಲೈನಿಗೆ ಹೋದೆ. ಹಿರಿಯ ಹೆಂಗಸೊಬ್ಬರು ಎರಡನ್ನೂ ನೋಡಿ, "ಅಂಗಾರೆ ನಿಮ್ಮನೆ ಮಕ್ಳಿಗೆ ಯಾಕೆ ಏನೂ ಆಗ್ಲಿಲ್ಲ ಸಾರ್?" ಎಂದರು. ನಮ್ಮ ತಾಯಿ ಜೀರಿಗೆ ಹಾಕಿ ಕುದಿಸದ ನೀರನ್ನು ಯಾರಿಗೂ ಕೊಡುತ್ತಿರಲಿಲ್ಲ. ನನಗದು ಹಳೆಯ ಕಾಲದವರ ರೂಢಿಯೆಂದೇ ತೋರಿತ್ತು. ಅದನ್ನು ಹೇಳಿದೆ. ಹೇಳದೆ ಉಳಿಸಿಕೊಳ್ಳಲಾಗದ ಇನ್ನೊಂದು ಮಾತೂ ಇತ್ತು: ಬಾವಿಗಿಂತ ಎತ್ತರದಲ್ಲಿ, ಇಪ್ಪತ್ತೇ ಅಡಿ ದೂರದಲ್ಲಿದ್ದ ಪಾಯಿಖಾನೆಯ ಗುಂಡಿ ನಮ್ಮದೇ. ಅವರೇನೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಬೇಸಿಗೆ ಬರುವವರೆಗೆ ಮಣ್ಣು ತೋಡುವಂತಿರಲಿಲ್ಲ. ಅಷ್ಟು ದಿನವೂ ಲೈನಿನ ಮನೆಗಳಲ್ಲಿ ನೀರು ಕುದಿಸಲು ಸೌದೆ ನಮ್ಮ ಕೊಟ್ಟಿಗೆಯಿಂದ ಹೋಯಿತು. ಮಾರ್ಚಿಯಲ್ಲಿ ಆ ಗುಂಡಿಯನ್ನು ಮುಚ್ಚಿಸಿ, ಬಾವಿಗಿಂತ ಬಹಳ ತಗ್ಗಿನಲ್ಲಿ ಹೊಸದನ್ನು ತೋಡಿಸಿದೆ.