ಪಟದ ಬೆನ್ನು

ಬೆಳಿಗ್ಗೆ ಹತ್ತು ಗಂಟೆಗೆ ಮುತ್ಯಾನ ಪಟಕ್ಕೆ ಹೊಸ ಕಟ್ಟು ಹಾಕಿಸಿಕೊಂಡು ಮನೆಗೆ ಬಂದೆ. ಹತ್ತೂವರೆಗೆ ಅದೇ ಪಟವನ್ನು ಕಂಕುಳಲ್ಲಿ ಹಿಡಿದು ಮತ್ತೆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ.

ಪಟದ ಮುಖದಲ್ಲಿ ಒಂದು ಕುಂದೂ ಇರಲಿಲ್ಲ. ತೇಗದ ಬಣ್ಣದ ಪಟ್ಟಿ, ಕೂದಲೂ ತೂರದಂತೆ ಕೂಡಿದ ನಾಲ್ಕು ಮೂಲೆ, ಒಳಗೆ ಕೆನೆಬಣ್ಣದ ಮೌಂಟ್, ಬೆರಳ ಗುರುತಿಲ್ಲದ ಗಾಜು. ಮೊಳೆಗೆ ತೂಗುಹಾಕುವ ಮೊದಲು, ರೂಢಿಯಂತೆ, ತಿರುವಿ ನೋಡಿದೆ. ಬೆನ್ನಿಗೆ ಹೊಸ ಖಾಕಿ ಕಾಗದ, ಅಂಚಿಗೆ ಟೇಪು, ನಡುವೆ ಅಂಗಡಿಯ ಸ್ಟಿಕ್ಕರು. ಹಳೆಯ ರಟ್ಟು ಇರಲಿಲ್ಲ.

"ಅದು ಹುಳ ತಿಂದಿತ್ತಲ್ರಿ ಸರ್, ತಗದು ಒಗದೀನಿ," ಅಂದ ಅಂಗಡಿಯ ಹುಡುಗ. ಕಸ ತೆಗೆದು ಉಪಕಾರ ಮಾಡಿದವನ ಮುಖ. ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು.

ಆ ರಟ್ಟಿನ ಮೇಲೆ ಎರಡು ಸಾಲಿದ್ದವು. ಮೇಲಿನದು ಉರ್ದುವಿನಲ್ಲಿ, ಕಂದಿದ ಮಸಿಯಲ್ಲಿ: ಬಹಮನ್ 1350 ಫಸಲಿ. ಕೆಳಗಿನದು ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ಬರೆಯುವ ಕೈಗೆ ಇನ್ನೂ ಅಭ್ಯಾಸವಾಗದ ದಪ್ಪ ಅಕ್ಷರದಲ್ಲಿ: ಹೋರಿ ನಮ್ದು, ಕೋಟು ಮಂದಿದು.

ನಾಲ್ಕೇ ಶಬ್ದ. ಔರಾದ್ ಸೀಮೆಯ ನಮ್ಮ ಹಳ್ಳಿಯ ಮನೆ ಬಿದ್ದು, ಹೊಲ ಪಾಲಾಗಿ, ನಾವೆಲ್ಲ ಬೀದರಿಗೆ ಬಂದಮೇಲೆ ಮುತ್ಯಾನ ಕೈಬರಹವೆಂದು ಉಳಿದದ್ದು ಇಷ್ಟೇ. ಪಟದ ಮುಖದಲ್ಲಿ ಮುತ್ಯಾ ದೇವಣಿ ಹೋರಿಯ ಮೂಗುದಾರ ಹಿಡಿದು ನಿಂತಿದ್ದಾನೆ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು. ನಮ್ಮ ಕಡೆ ಅಂಥದ್ದಕ್ಕೆ ವಾನ್ನೇರ ಅನ್ನುತ್ತಾರೆ. ಹೋರಿ ಕ್ಯಾಮೆರಾವನ್ನು ನೋಡುತ್ತಿದೆ, ಮುತ್ಯಾ ಹೋರಿಯನ್ನು ನೋಡುತ್ತಿದ್ದಾನೆ. ಮೈಮೇಲೆ ಕೋಟು. ತೋಳು ನಾಲ್ಕು ಬೆರಳು ಉದ್ದವಾಗಿ ಅಂಗೈ ಮುಚ್ಚಿದೆ. ಬೆನ್ನಿನ ಸಾಲು ಓದದವರಿಗೆ ಅದು ಸ್ಥಿತಿವಂತ ರೈತನ ಪಟ. ಓದಿದವರಿಗೆ ಅದು ನನ್ನ ಮುತ್ಯಾ.

ಪಟಕ್ಕೆ ಕಟ್ಟು ಹಾಕಿಸುವಾಗ ನೋಡಬೇಕಾದದ್ದೇನು ಅನ್ನುವುದು ಈಗ ಯಾರಿಗೂ ಹೊಸದಲ್ಲ. ಗಾಜು ಫೋಟೊವನ್ನು ಮುಟ್ಟಬಾರದು. ಮಳೆಗಾಲದ ಹಸಿಗೆ ಫೋಟೊದ ಪದರ ಗಾಜಿಗೆ ಹತ್ತಿಕೊಂಡರೆ ಬಿಡಿಸಲು ಬರುವುದಿಲ್ಲ. ಮೌಂಟ್ ಹಾಕುವುದು ಅಂದಕ್ಕಷ್ಟೇ ಅಲ್ಲ, ಆ ನಡುವಿನ ಸಂದಿಗಾಗಿ. ಫೆವಿಕಾಲ್, ಸೆಲ್ಲೊ ಟೇಪು, ಲ್ಯಾಮಿನೇಷನ್ ಮೂರೂ ಹಳೆಯ ಫೋಟೊಕ್ಕೆ ವಿಷ. ಬಿಸಿಲು ಬೀಳುವ ಗೋಡೆ ಬೇಡ. ಇಷ್ಟು ಹೇಳಿದರೆ ಸಾಕು. ಬೆನ್ನಿನ ಸುದ್ದಿ ಯಾರೂ ಎತ್ತುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ.

ಮುಖವನ್ನು ಊರು ನೋಡುತ್ತದೆ, ಬೆನ್ನನ್ನು ಮನೆಯವರು ನೋಡುತ್ತಾರೆ. ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಪಟದ ಬೆನ್ನೆಂದರೆ ಒಂದು ದಫ್ತರ. ಮಗು ಹುಟ್ಟಿದ ಗಳಿಗೆ, ಕೊಟ್ಟ ಹೆಣ್ಣಿನ ಊರು, ಕೂಡಿಸಿ ತಪ್ಪಾಗಿ ಹೊಡೆದುಹಾಕಿದ ಸಾಲದ ಲೆಕ್ಕ, ಫೋಟೊ ತೆಗೆದವನ ಮುದ್ರೆ. ಉರ್ದು, ಮೋಡಿ, ಮರಾಠಿ, ಕನ್ನಡ ಒಂದೇ ರಟ್ಟಿನ ಮೇಲೆ ಒತ್ತಿಕೊಂಡು ಕೂತದ್ದನ್ನು ನಾನು ಕಂಡಿದ್ದೇನೆ. ಔರಾದಿನ ತಾಂಡಾಗಳಲ್ಲಿ ಕಸೂತಿ ಬಲ್ಲ ಲಂಬಾಣಿ ಹೆಂಗಸರ ಕೈಗೆ ಹೊಸ ಬಟ್ಟೆ ಕೊಟ್ಟು ನೋಡಿ: ಮೊದಲು ಮಗ್ಗುಲು ತಿರುವುತ್ತಾರೆ, ಗಂಟು ಎಲ್ಲಿ ಹಾಕಿದ್ದಾರೆ, ದಾರ ಎಲ್ಲಿ ಹಾರಿಸಿದ್ದಾರೆ ಎಂದು ಬೆರಳಾಡಿಸುತ್ತಾರೆ. ಧಾರವಾಡ ಸೀಮೆಯ ಗವಂತಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ಆಗಿ ಕಾಣುತ್ತದೆ. ಅದನ್ನು ಹೊಲಿದವಳಿಗೆ ಬೆನ್ನಿನ ಬೆಲೆ ಗೊತ್ತಿತ್ತು. ಬಟ್ಟೆಗೆ ಕೊಟ್ಟ ಮರ್ಯಾದೆಯನ್ನು ನಾವು ಹಿರಿಯರ ಪಟಕ್ಕೆ ಏಕೆ ಕೊಡುವುದಿಲ್ಲ? ಕಟ್ಟು ಹಾಕಲು ಕೊಡುವ ಮುಂಚೆ ಬೆನ್ನಿನ ಒಂದು ಚಿತ್ರ ತೆಗೆದುಕೊಳ್ಳಿ, ಹಳೆಯದರಲ್ಲಿ ಒಂದು ಚೂರನ್ನೂ ಎಸೆಯಬಾರದೆಂದು ಚೀಟಿ ಬರೆದು ಅಂಟಿಸಿ. ನಾನು ಈ ಸಲ ಬಾಯಲ್ಲಿ ಹೇಳಿ ಬಂದಿದ್ದೆ, ಬರೆದಿರಲಿಲ್ಲ.

ಮುತ್ಯಾ ಓದಿದ್ದು ಉರ್ದು ಶಾಲೆಯಲ್ಲಿ. ಆಗ ಇದು ನಿಜಾಮರ ಸೀಮೆ. ಕಚೇರಿ, ಶಾಲೆ, ಹೊಲದ ಪಾವತಿ, ಎಲ್ಲವೂ ಉರ್ದುವಿನಲ್ಲೇ. ಕನ್ನಡವನ್ನು ಕಲಿತದ್ದು ರಾತ್ರಿ ಹೊತ್ತು, ಕಂದೀಲಿನ ಬೆಳಕಿನಲ್ಲಿ, ಬೇರೆಯವರಿಂದ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನಮ್ಮ ಜಿಲ್ಲೆಯ ಮಕ್ಕಳು ತೊಟ್ಟಿಲಲ್ಲೇ ಕೇಳುತ್ತಾರೆ. ಅವರ ಪಟವಿಲ್ಲದ ಗೋಡೆ ಭಾಲ್ಕಿಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಎಷ್ಟೋ ಸಲ ಕೇಳಿದ ಕಥೆ ಇವತ್ತು ಅಂಗಡಿಯ ಮೆಟ್ಟಿಲ ಮೇಲೆ ನಿಂತಾಗ ಬೇರೆಯಾಗಿ ಕೇಳಿಸಿತು. ಆ ಕಾಲದಲ್ಲಿ ಈ ಸೀಮೆಯ ಕನ್ನಡ ಇದ್ದದ್ದೇ ಬೆನ್ನಿನ ಮೇಲೆ. ಬೋರ್ಡಿನ ಬೆನ್ನಿಗೆ ಪಾಠ, ಪಟದ ಬೆನ್ನಿಗೆ ನಾಲ್ಕು ಶಬ್ದ. ತಾರೀಖನ್ನು ಮುತ್ಯಾ ಸರಕಾರದ ಭಾಷೆಯಲ್ಲಿ ಬರೆದ. ಖರೇ ಮಾತನ್ನು ಮನೆಯ ಭಾಷೆಯಲ್ಲಿ ಬರೆದ.

ತಾರೀಖಿನದೂ ಒಂದು ಕಥೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ. ನಿಜಾಮರ ಫಸಲಿ ವರ್ಷ ಆಗ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಆಮೇಲೆ ದೈ, ಮೂರನೆಯದು ಬಹಮನ್. ಅಂದರೆ 1940ರ ಡಿಸೆಂಬರ್ ಹೊತ್ತು. ತೊಗರಿ ಕೊಯ್ಯುವ ದಿನ, ಬೆಳಗಿನ ಚಳಿ ಹಲ್ಲು ಕಡಿಸುವ ದಿನ. ಕೋಟನ್ನು ಪಟಕ್ಕಾಗಿ ಬೇಡಿದನೋ ಚಳಿಗಾಗಿ ಬೇಡಿದನೋ, ಈ ಲೆಕ್ಕ ಹಾಕುವವರೆಗೆ ನನಗೆ ಆ ಪ್ರಶ್ನೆಯೇ ಎದ್ದಿರಲಿಲ್ಲ.

ಬಹಮನ್ ಅನ್ನುವ ತಿಂಗಳ ಹೆಸರು ನಾಲಿಗೆಗೆ ಬಂದರೆ ಬೀದರಿನವರ ಮನಸ್ಸು ಸುಮ್ಮನೆ ಕೂಡುವುದಿಲ್ಲ. 1347ರಲ್ಲಿ ಗದ್ದುಗೆ ಏರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಸುಲ್ತಾನ ತನ್ನನ್ನು ಬಹಮನ್ ಷಾ ಎಂದು ಕರೆದುಕೊಂಡ. ಪರ್ಷಿಯಾದ ಆ ಒಂದು ಹೆಸರು ರಾಜವಂಶಕ್ಕೂ ನಮ್ಮ ಮುತ್ಯಾನ ರಟ್ಟಿಗೂ ಬಂದು ಮುಟ್ಟಿತು. ಅದೇ ವಂಶದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದ. 1436ರಲ್ಲಿ ತೀರಿಕೊಂಡವನ ಗೋರಿ ಅಷ್ಟೂರಿನಲ್ಲಿದೆ. ಅಲ್ಲಮಪ್ರಭು ಎಂದೇ ಅವನಿಗೆ ಕೈಮುಗಿಯುವವರೂ ನಮ್ಮಲ್ಲಿದ್ದಾರೆ. ಒಳಗೆ ಹೊಕ್ಕರೆ ಮೊದಲು ಬರೀ ಕತ್ತಲು. ಕಣ್ಣು ಪಳಗಿದ ಮೇಲೆ ಗೋಡೆಯಿಂದ ಮೆಲ್ಲಗೆ ಕೆಂಪು ಏಳುತ್ತದೆ, ಆಮೇಲೆ ಬಂಗಾರದ ಅಕ್ಷರ, ಬಳ್ಳಿ, ತಲೆಯ ಮೇಲೆ ಗುಮ್ಮಟದ ತುಂಬ ಹೂವು. ಊರೊಳಗೆ ಮಹಮೂದ್ ಗವಾನನ ಮದರಸಾ 1472ರದು, ಇದಕ್ಕಿಂತ ಕಿರಿಯದು. ಬಿಸಿಲು ಮಳೆಗೆ ಮುಖವೊಡ್ಡಿ ನಿಂತ ಅದರ ಬಣ್ಣದ ಹೆಂಚಿನಲ್ಲಿ ಎಷ್ಟೋ ಉದುರಿಹೋಗಿವೆ. ಕತ್ತಲಲ್ಲಿದ್ದದ್ದು ಉಳಿಯಿತು. ನಾನು ಅಷ್ಟೂರಿಗೆ ಹೋದಾಗಲೆಲ್ಲ ಹೊರಗೆ ಬರಲು ಮನಸ್ಸಾಗದೆ ಒಂದು ತಾಸು ಕೂಡುತ್ತೇನೆ. ಬಣ್ಣ ಕಾಯುವುದನ್ನು ಕತ್ತಲಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಎಲ್ಲಿದ್ದೆ? ಅಂಗಡಿಯಲ್ಲಿ. ಹುಡುಗನ ಹಿಂದಿನಿಂದ ಅಂಗಡಿಯ ಹಿರಿಯರು ಎದ್ದು ಬಂದರು. ನನ್ನ ಮುಖ ನೋಡಿ ಏನೂ ಕೇಳದೆ ಮೂಲೆಯ ಗೋಣಿಚೀಲವನ್ನು ನೆಲಕ್ಕೆ ಸುರುವಿದರು. ಗಾಜಿನ ಚೂರು, ಪಟ್ಟಿಯ ತುಂಡು, ತುಕ್ಕು ಮೊಳೆ, ಯಾರ ಯಾರದೋ ಮನೆಯ ರಟ್ಟುಗಳು. ನಾಲ್ಕನೆಯದೇ ನಮ್ಮದು. ಒಂದು ಮೂಲೆ ಗೆದ್ದಲು ತಿಂದಿತ್ತು, ಅಕ್ಷರ ಉಳಿದಿದ್ದವು. ಅವರು ತೋಳಿನಿಂದ ಧೂಳು ಒರೆಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಖರೇ ಹೇಳ್ಲಾ? ಹುಡುಗ ಒಗದದ್ದು ತಪ್ಪು. ಆದ್ರ ತಗದದ್ದು ತಪ್ಪಲ್ಲ ನೋಡ್ರಿ," ಅಂದರು. ಪಟವನ್ನು ಬೆಳಕಿಗೆ ಹಿಡಿದು ಹೋರಿಯ ಹೊಟ್ಟೆಯ ಮೇಲೆ ಅಡ್ಡಲಾಗಿ ಹಾದ ಕಂದು ಗೆರೆಯನ್ನು ತೋರಿಸಿದರು. ಚಿಕ್ಕಂದಿನಿಂದ ನಾನು ಅದನ್ನು ಹೋರಿಗೆ ಕಟ್ಟಿದ ಹಗ್ಗವೆಂದೇ ತಿಳಿದಿದ್ದೆ. ಹಳೆಯ ಕಟ್ಟಿನಲ್ಲಿ ಫೋಟೊಕ್ಕೂ ರಟ್ಟಿಗೂ ನಡುವೆ ಎರಡು ತೆಳು ಹಲಗೆ ಜೋಡಿಸಿದ್ದರಂತೆ. ಗೆರೆ ಬಿದ್ದದ್ದು ಸರಿಯಾಗಿ ಹಲಗೆ ಕೂಡಿದ ಕಡೆಗೆ. ಕಟ್ಟಿಗೆಯಲ್ಲೂ ಅಗ್ಗದ ರಟ್ಟಿನಲ್ಲೂ ಹುಳಿ ಇರುತ್ತದೆ. ಅದು ವರ್ಷ ವರ್ಷ ಇಷ್ಟಿಷ್ಟೇ ಹೊರಬಿದ್ದು ಕಾಗದವನ್ನು ಒಳಗಿಂದೊಳಗೆ ಸುಡುತ್ತದೆ. ಮುತ್ಯಾ ಬರೆದ ರಟ್ಟೇ ಎಂಬತ್ತು ವರ್ಷದಿಂದ ಮುತ್ಯಾನ ಮುಖವನ್ನು ಕಂದಿಸುತ್ತಿತ್ತು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹುಡುಗ ಮಾತ್ರ ಇನ್ನೂ ಪರಿಹಾರ ಹುಡುಕುತ್ತಿದ್ದ. ಹಿಂದೆಯೂ ಗಾಜು ಹಾಕಿ ಅಂದೆ. "ಗ್ವಾಡಿಗಿ ಹಾಕಿದ ಮ್ಯಾಲ ಹಿಂದಿನ ಗಾಜ್ ಯಾರ್ ನೋಡ್ತಾರ್ರಿ?" ಅಂದ. ಬೇಕಾದರೆ ಎರಡು ಕಿಟಕಿಯ ಮೌಂಟ್ ಕತ್ತರಿಸಿಕೊಡುತ್ತೇನೆ, ಮೇಲೆ ಫೋಟೊ, ಕೆಳಗೆ ಬರಹದ ಪ್ರತಿ, ಎರಡೂ ಮುಂದೇ ಕಾಣುತ್ತವೆ ಅಂದ. ಕೇಳಲು ಚೆನ್ನಾಗಿತ್ತು. ನಾನೂ ಹೂಂ ಅನ್ನುವವನಿದ್ದೆ. ಅಷ್ಟರಲ್ಲಿ ಕೈಯಲ್ಲಿದ್ದ ರಟ್ಟಿನ ಮೇಲಿನ ಪೆನ್ಸಿಲಿನ ಸಾಲು ಕಣ್ಣಿಗೆ ಬಿತ್ತು. ಮುತ್ಯಾನಿಗೆ ಬೇಕಿದ್ದರೆ ಅದನ್ನು ಮುಂದೆಯೇ ಬರೆಸುತ್ತಿದ್ದ. ಬಂದವರೆದುರು ಕೋಟಿನವನಾಗಿಯೇ ನಿಲ್ಲಲು ಒಪ್ಪಿದ, ತಿರುವಿ ನೋಡುವ ಮನೆಯವರಿಗೆ ಮಾತ್ರ ನಿಜ ಬರೆದಿಟ್ಟ. ಅದನ್ನು ಮುಂದಕ್ಕೆ ತಂದು ಗೋಡೆಗೆ ಹಚ್ಚುವ ಅಧಿಕಾರ ನನಗಿಲ್ಲ.

ಕೊನೆಗೆ ಹಿರಿಯರೇ ದಾರಿ ತೋರಿಸಿದರು. ಫೋಟೊದ ಹಿಂದೆ ಹುಳಿಯಿಲ್ಲದ ಹೊಸ ಬೋರ್ಡು, ಅದರ ಮೇಲೆ ಖಾಕಿ ಕಾಗದ ಮುಚ್ಚಿ, ಹೊರಮಗ್ಗುಲಿಗೆ ಪಾಲಿಯೆಸ್ಟರಿನ ಪಾರದರ್ಶಕ ಚೀಲ, ರಟ್ಟು ಅದರೊಳಗೆ. ಫೋಟೊಕ್ಕೂ ರಟ್ಟಿಗೂ ಸೋಂಕಿಲ್ಲ, ತಿರುವಿದವರಿಗೆ ಓದಲು ಸಿಗುತ್ತದೆ. ಕೆಳಗಿನ ಎರಡು ಮೂಲೆಗೆ ಬೆಣೆಯಂಥ ಚಿಕ್ಕ ಬಿರಡೆ ಹಚ್ಚಿದರು, ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡಲಿ ಎಂದು. ಕೆಲಸ ಮುಗಿಸಿ ಹಣ ಬೇಡವೆಂದರು. ನಾನು ಕೇಳಲಿಲ್ಲ, ಕೊಟ್ಟೇ ಬಂದೆ.

ಮಧ್ಯಾಹ್ನ ಭಾಲ್ಕಿಯ ಅತ್ತೆಗೆ ಫೋನು ಹಚ್ಚಿದೆ. ಅಪ್ಪನ ಅಕ್ಕ, ಈ ಪಟ ತೆಗೆದಾಗ ನಾಲ್ಕು ವರ್ಷದ ಹುಡುಗಿ. ಅವಳ ಪಡಸಾಲೆಯ ಬಾಗಿಲ ಮೇಲೆ ಅವಳೇ ಮಣಿ ಪೋಣಿಸಿ ಮಾಡಿದ 'ಸುಸ್ವಾಗತ' ಇದೆ. ಎರಡು ಗಿಳಿ, ನಡುವೆ ಕಳಸ. ಒಂದು ಗಿಳಿಯ ಕೊಕ್ಕಿನ ಕೆಂಪು ಮಣಿ ಉದುರಿ ಗಾಜಿನ ತಳಕ್ಕೆ ಬಿದ್ದು ಕೂತಿದೆ. ಅದಕ್ಕೆ ಮಣಿ ಗಾಜಿಗೆ ಒತ್ತದ ಹಾಗೆ ಆಳದ ಬಾಕ್ಸ್ ಫ್ರೇಮ್ ಹಾಕಿಸಬೇಕು. ಅದನ್ನು ಹೇಳಲೆಂದೇ ಫೋನು ಹಚ್ಚಿದ್ದು, ಕೇಳಿದ್ದು ಮಾತ್ರ ಬೇರೆ.

"ಅತ್ತಿ, ಮುತ್ಯಾನ ಮೈಮ್ಯಾಲಿನ ಕೋಟು ಯಾರದಿತ್ತು?"

"ಕೋಟಿನ ಮಾತ್ ಬಿಡು ತಮ್ಮಾ," ಅಂದಳು. "ಆ ಹೋರಿ ನೆಪ್ಪದ ನನಗ. ಮಂದಿ ಕೈಯಾಗಿನ ಕಣಕಿ ಮುಟ್ಟತಿದ್ದಿಲ್ಲ. ಅವ್ವ ನನ್ನ ಎತ್ತಿ ಗ್ವಾದಲಿ ಮ್ಯಾಲ ನಿಲ್ಸತಿದ್ಳು, ನಾ ಒಂದೊಂದೇ ದಂಟು ಕೊಡತಿದ್ದೆ. ಅದರ ಮೂಗು ಎಷ್ಟು ತಣ್ಣಗ ಇರತಿತ್ತು ಅಂತಿ..."

ಅಲ್ಲಿಂದ ಅಮರೇಶ್ವರ ಜಾತ್ರೆಯ ದನದ ಸಾಲಿಗೆ ಹೋದಳು, ಕೊಂಬಿಗೆ ಹಚ್ಚುವ ಬಣ್ಣಕ್ಕೆ ಹೋದಳು, ಹೋರಿಯನ್ನು ಉದಗೀರ ಕಡೆಯವರು ಕೇಳಲು ಬಂದಾಗ ಮುತ್ಯಾ ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗಿ ಕೂತದ್ದಕ್ಕೆ ಬಂದಳು. ನಾನು ಹಾಳೆಯೊಂದನ್ನು ಎಳೆದುಕೊಂಡು ಬರೆದುಕೊಳ್ಳುತ್ತ ಹೋದೆ. ಅವಳಿಗೆ ಹೋರಿಯ ಹೆಸರೂ ನೆನಪಿತ್ತು.